ನಸುಕಿಗೆ ಬರುವವರು

ಮಾಘದ ಚಳಿ ಬಿಟ್ಟೂ ಬಿಡದ ಹಾಗಿದ್ದ ದಿನಗಳು. ಬೆಳಗಿನ ನ್ಯಾರಿ ತಿಂದು ಮುಗಿಸಿ ಜನ ಆಗಷ್ಟೇ ಕೆಲಸಕ್ಕೆ ಕೈ ಹಚ್ಚಿದ್ದರು. ಪುಣೆಯ ಬಿಬವೇವಾಡಿಯಲ್ಲಿ ಏಳುತ್ತಿದ್ದ ಕಟ್ಟಡದ ಹಿಂಬದಿಯ ಗೋಡೆಗೆ ಗಿಲಾವು ಮಾಡುತ್ತಿದ್ದ ಗೌಂಡಿ ಹುಲಿಗೆಪ್ಪ ನಿಂತು ಕೆಲಸ ಮಾಡಲು ಕಟ್ಟಿದ ಬಿದಿರಿನ ಪರಾಂಚಿಯ ಮೇಲಿಂದ ಕೆಳಗೆ ಬಿದ್ದ. ಅವನ ಹೆಂಡತಿ ಅವ್ವಮ್ಮ ಅದೇ ಗೋಡೆಯ ಬುಡದಲ್ಲಿ ಉಸುಕು ಸೋಸುತ್ತಿದ್ದಳು. ಲಾರಿಯಿಂದ ಸಿಮೆಂಟಿನ ಚೀಲ ಇಳಿಸಿದಂಥ ಸದ್ದಾಯಿತು. ಅಂಥ ಸದ್ದು ದಿನಕ್ಕೆಷ್ಟೋ ಕೇಳುತ್ತದೆ ಎಂದು ಅವಳು ತಿರುಗಿಯೂ ನೋಡಲಿಲ್ಲ. ಯಾರೋ ಬಂದು ಅವಳ ಕೈಯಿಂದ ಜರಡಿ ಕಸಿದುಕೊಂಡಾಗಲೇ ಗೊತ್ತಾಗಿದ್ದು.

ತಲೆಯ ಹಿಂಭಾಗಕ್ಕೆ ಪೆಟ್ಟು. ಸರಕಾರಿ ಆಸ್ಪತ್ರೆಯಲ್ಲಿ ಬಹಳ ದಿನ ಎಚ್ಚರವೇ ಇರಲಿಲ್ಲ. ಎಚ್ಚರವಾದ ಮೇಲೆ ಮೊದಲು ನೀರು ಕೇಳಿದ, ಆಮೇಲೆ ಗಿಲಾವು ಮಾಡುವ ತನ್ನ ಕರಣಿ ಎಲ್ಲಿ ಅಂದ. ಅವನು ಕರಣಿ ಕೇಳಿದ ಅಂದ ಮೇಲೆ ಗಂಡ ಪೂರಾ ಸಿಕ್ಕ ಎಂದೇ ಅವ್ವಮ್ಮ ತಿಳಿದಳು. ಹೋಳಿ ಹುಣ್ಣಿಮೆಯ ಹೊತ್ತಿಗೆ ಅವನನ್ನು ತಗಡಿನ ಪತ್ರಾ ಶೆಡ್ಡಿಗೆ ಕರೆದುಕೊಂಡು ಬಂದಳು. ನಡೆಯುತ್ತಿದ್ದ, ಮಾತಾಡುತ್ತಿದ್ದ, ಎಲ್ಲರ ಹೆಸರೂ ಹೇಳುತ್ತಿದ್ದ. ಏನು ಹೋಗಿದೆ ಎಂಬುದು ಕೂಡಲೇ ಯಾರಿಗೂ ತಿಳಿಯಲಿಲ್ಲ.

ಅದು ತಿಳಿಯಬೇಕಾದರೆ ಹುಲಿಗೆಪ್ಪ ಮೊದಲು ಹೇಗಿದ್ದ ಎಂಬುದನ್ನು ಹೇಳಬೇಕು. ಲಿಂಗಸೂರು ಕಡೆಯಿಂದ ದುಡಿಯಲು ಬಂದು ಆ ಶೆಡ್ಡುಗಳಲ್ಲಿದ್ದ ಮನೆಗಳಿಗೆಲ್ಲ ಅವನು ಕನಸು ಕಾಣುವವನು. ಅವನ ಮನೆತನದಲ್ಲಿ ಮೊದಲಿನಿಂದ ಬಂದ ನಡೆ ಅದು. ಮನೆಯಲ್ಲಿ ಕೂಸು ಹುಟ್ಟಿದರೆ ತೊಟ್ಟಿಲಿಗೆ ಹಾಕುವ ಮೊದಲು, ಮನೆತನದ ಸತ್ತವರಲ್ಲಿ ಒಬ್ಬರು ನಸುಕಿನ ನಿದ್ದೆಯಲ್ಲಿ ಬರುತ್ತಾರೆ. ಬಂದು ಬಾಯಿ ಬಿಟ್ಟು ಏನಾದರೂ ತಿನ್ನಲು ಬೇಡುತ್ತಾರೆ. ಬೇಡಿದವರ ಹೆಸರನ್ನೇ ಕೂಸಿಗೆ ಇಡುವುದು, ಬೇಡಿದ್ದನ್ನೇ ಅವತ್ತು ಅಡಿಗೆ ಮಾಡುವುದು. ಕನಸು ಬಿದ್ದವನು ಎದ್ದ ಕೂಡಲೇ ಮನೆಯ ಹೆಂಗಸು ಮೂರು ಮಾತು ಕೇಳಬೇಕು: ಏನು ಉಟ್ಟಿದ್ದರು, ಹೇಗೆ ಕಂಡರು, ಏನು ಬೇಡಿದರು. ಊರು ಬಿಟ್ಟ ಮೇಲೆ ಪಕ್ಕದ ಶೆಡ್ಡಿನವರ ಸತ್ತವರೂ ಹುಲಿಗೆಪ್ಪನ ಹತ್ತಿರವೇ ಬರತೊಡಗಿದರು. ಪುಣೆಯಲ್ಲಿ ಅವರಿಗೆ ತಾನೆ ಬೇರೆ ಯಾರ ವಿಳಾಸ ಗೊತ್ತು ಎಂದು ಜನ ನಗುತ್ತಿದ್ದರು.

ಎದುರು ಶೆಡ್ಡಿನ ರಂಗೂಬಾಯಿ ಚಹಾ ಮಾರುವವಳು, ಸೊಲ್ಲಾಪುರದ ಕಡೆಯವಳು. ಗಂಡ ಸತ್ತು ಬಹಳ ವರ್ಷವಾಗಿದ್ದರೂ ಬೆಳಿಗ್ಗೆ ಚಹಾ ಕೊಡುವಾಗ ಕೇಳುವುದನ್ನು ಬಿಟ್ಟಿರಲಿಲ್ಲ.

“ಏನಪಾ ಹುಲಿಗೆಪ್ಪ, ನಮ್ಮ ಮುದುಕ ಬಂದಿದ್ನೇನು?”

“ಬಂದಿದ್ದ.”

“ಏನಂದ?”

“ನಿನ್ನ ಚಹಾದಾಗ ಇನ್ನೂ ಸಕ್ಕರಿ ಇಲ್ಲಂತ. ಅದಕ್ಕs ಸತ್ತೆ ಅಂದ.”

ಅವ್ವಮ್ಮನಿಗೆ ಮಾತ್ರ ಅವನ ಕನಸು ನಗುವ ವಿಷಯವಾಗಿರಲಿಲ್ಲ. ಅವರ ಮಗ ಪ್ರೇಮಕುಮಾರ ಏಳು ವರ್ಷದವನಿದ್ದಾಗ, ಇದೇ ಊರಿನ ಬೇರೊಂದು ಕಟ್ಟಡದ ಶೆಡ್ಡಿನಲ್ಲಿ, ಡೆಂಗಿ ಜ್ವರ ಬಂದು ತೀರಿಕೊಂಡಿದ್ದ. ಊರಿಗೆ ಒಯ್ಯುವಷ್ಟು ಹೊತ್ತೂ ಇರಲಿಲ್ಲ. ಇಲ್ಲಿಯೇ ಮಣ್ಣು ಮಾಡಿದರು. ಹೆತ್ತವಳ ಕನಸಿಗೆ ಅವನು ಒಂದು ಸಲವೂ ಬರಲಿಲ್ಲ. ಅಪ್ಪನ ಹತ್ತಿರ ಬರುತ್ತಿದ್ದ. ಮತ್ತೊಂದು ವಿಶೇಷವೆಂದರೆ ಅವನು ಅಲ್ಲಿ ಬೆಳೆಯುತ್ತಿದ್ದ. ಒಂದು ವರ್ಷ ಹಲ್ಲು ಬಿದ್ದಿತ್ತು, ಮತ್ತೊಂದು ವರ್ಷ ಹೊಸ ಹಲ್ಲು ಬಂದಿತ್ತು, ಆಮೇಲೆ ದನಿ ಒಡೆದಿತ್ತು. ಪರಾಂಚಿಯಿಂದ ಬೀಳುವ ಮೊದಲಿನ ಚಳಿಗಾಲದಲ್ಲಿ ಹುಲಿಗೆಪ್ಪ ಎದ್ದು, “ಮೀಸಿ ಬಂದಾವ ಅವಗ, ನನಗಿಂತ ಒಂದು ಗೇಣು ಎತ್ತರ ಆಗ್ಯಾನ. ಬಗ್ಗಿ ಒಳಗ ಬಂದ,” ಎಂದಿದ್ದ. ಅವ್ವಮ್ಮ ಆ ದಿನವೆಲ್ಲ ಉಸುಕು ಸೋಸುತ್ತ, ಶೆಡ್ಡಿನ ಬಾಗಿಲಲ್ಲಿ ಬಗ್ಗುವ ಎತ್ತರದ ಹುಡುಗನನ್ನು ನೆನೆಸಿಕೊಂಡಿದ್ದಳು. ಮಗ ಬೆಳೆದದ್ದನ್ನು ಅವಳು ನೋಡಿದ್ದು ಗಂಡನ ಬಾಯಿಂದ.

ಆಸ್ಪತ್ರೆಯಿಂದ ಬಂದ ಮೇಲೆ ರಂಗೂಬಾಯಿ ಚಹಾದ ಲೋಟ ಹಿಡಿದು ಎಂದಿನಂತೆ ಕೇಳಿದಳು. ಹುಲಿಗೆಪ್ಪ ಲೋಟ ಇಸಿದುಕೊಂಡ.

“ಯಾರೂ ಬರವಲ್ರು,” ಅಂದ.

“ಯಾಕ, ಸಿಟ್ಟು ಬಂದದೇನು ನಮ್ಮ ಮುದುಕಗ?”

“ಸಿಟ್ಟಲ್ಲ ರಂಗೂಬಾಯಿ. ಕಣ್ಣು ಮುಚ್ಚತೀನಿ, ತೆರೀತೀನಿ. ನಡುವ ಏನೂ ಇಲ್ಲ. ಕತ್ತಲಾನೂ ಇಲ್ಲ.”

ರಂಗೂಬಾಯಿ ಅವ್ವಮ್ಮನ ಮುಖ ನೋಡಿದಳು. ಆಮೇಲೆ ಆ ಮಾತು ಅವಳು ಕೇಳಲಿಲ್ಲ. ಚಹಾಕ್ಕೆ ಸಕ್ಕರೆ ಮಾತ್ರ ಹೆಚ್ಚು ಹಾಕುತ್ತಿದ್ದಳು.

ಅವನ ನಿದ್ದೆಯೂ ತಿರುವುಮುರುವಾಗಿತ್ತು. ಪತ್ರಾ ಕಾದು ಕೆಂಡವಾಗುವ ಹಗಲು ಹೊತ್ತಿನಲ್ಲಿ ಕಲ್ಲಿನಂತೆ ಮಲಗುತ್ತಿದ್ದ. ಜನ ಮಲಗುವ ಹೊತ್ತಿಗೆ ಎದ್ದು ಗೋಡೆಗೆ ಆತು ಕೂತರೆ ಬೆಳತನಕ ಹಾಗೆಯೇ. ಅವ್ವಮ್ಮ ಒಬ್ಬಳೇ ದುಡಿಯುತ್ತಿದ್ದಳು. ಕೆಲಸದವರ ಮೇಲಿನ ಮುಕಾದಮ ಒಳ್ಳೆಯವನು, ಶೆಡ್ಡು ಬಿಡಿ ಎನ್ನಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಮಗಳು ಭಾಗ್ಯಾ ಬಾಣಂತನಕ್ಕೆ ಬಂದಳು. ಅವಳ ಗಂಡ ಜೈಭೀಮ ಬಾರಾಮತಿಯ ಕಡೆ ಸಕ್ಕರೆ ಕಾರಖಾನೆಯಲ್ಲಿ ಕೆಲಸಕ್ಕಿದ್ದ. ತವರುಮನೆ ಅಂದರೆ ಅದೇ ಒಂದು ಪತ್ರಾ ಶೆಡ್ಡು. ನಡುವೆ ಸೀರೆ ಕಟ್ಟಿ ಎರಡು ಮಾಡಿದರು. ಜ್ಯೇಷ್ಠದಲ್ಲಿ ಗಂಡು ಕೂಸು ಹುಟ್ಟಿತು. ಅವ್ವಮ್ಮ ಕೂಸನ್ನು ಮೊದಲ ಸಲ ಎತ್ತಿಕೊಂಡಾಗಲೇ ಮನಸ್ಸಿನಲ್ಲಿ ಒಂದು ಗಂಟು ಹಾಕಿಕೊಂಡಳು. ಈ ಸಲ ಪ್ರೇಮಕುಮಾರನೇ ಬರುತ್ತಾನೆ. ಬಂದು ಬೇಡುತ್ತಾನೆ. ಬೇಡಿದರೆ ಅವನ ಹೆಸರು ಇದಕ್ಕೆ. ಆ ಹೆಸರನ್ನು ಮತ್ತೆ ಮನೆಯೊಳಗೆ ಕೂಗಬಹುದು, ಊಟಕ್ಕೆ ಬಾ ಎನ್ನಬಹುದು, ತಡವಾಗಿ ಬಂದರೆ ಬೈಯಬಹುದು. ಅವಳಿಗೆ ಬೇಕಾಗಿದ್ದುದು ಇಷ್ಟೇ.

ಆದರೆ ಬೇಡುವವನು ಯಾರ ಕನಸಿಗೆ ಬರಬೇಕು?

ಅವಳು ಅದನ್ನೇ ಯೋಚಿಸಿದಳು. ಯೋಚಿಸುತ್ತ ಯೋಚಿಸುತ್ತ ಒಂದು ದಾರಿ ಕಂಡ ಹಾಗಾಯಿತು. ಸತ್ತವರು ಬರುವುದು ನಸುಕಿಗೆ. ಆ ಹೊತ್ತಿನಲ್ಲಿ ಈತ ಕಣ್ಣು ಬಿಟ್ಟು ಕೂತಿರುತ್ತಾನೆ. ಬಂದವರು ಬಾಗಿಲಲ್ಲಿ ನಿಂತು ನೋಡಿ, ಎಚ್ಚರಿದ್ದವನ ಹತ್ತಿರ ಹೋಗಲಾರದೆ ತಿರುಗಿ ಹೋಗುತ್ತಿರಬೇಕು. ಕನಸು ನಿಂತಿಲ್ಲ, ಹೊತ್ತು ತಪ್ಪಿದೆ. ಹಾಗಾದರೆ ಹಗಲು ಮಲಗಗೊಡಬಾರದು. ಹಗಲು ಎಚ್ಚರಿದ್ದರೆ ನಸುಕಿಗೆ ನಿದ್ದೆ ತಾನೇ ಬರುತ್ತದೆ.

ಅಂದಿನಿಂದ ಅವಳು ಹೊಸ ಕೆಲಸ ಹಿಡಿದಳು. ಮುಕಾದಮನಿಗೆ ಹೇಳಿ ಗಂಡನನ್ನು ತನ್ನ ಸಂಗಡ ಕಟ್ಟಡಕ್ಕೆ ಕರೆದೊಯ್ದು ಕಣ್ಣೆದುರಿಗೆ ಕೂರಿಸಿಕೊಂಡಳು. ತೂಕಡಿಸಿದರೆ ಮುಖಕ್ಕೆ ನೀರು ಹಾಕಿದಳು. ಕೈಯಲ್ಲಿ ಸಿಕ್ಕುಬಿದ್ದ ದಾರದ ಉಂಡೆ ಕೊಟ್ಟು ಬಿಡಿಸು ಅಂದಳು. ರಂಗೂಬಾಯಿಯಿಂದ ಕರಿ ಚಹಾ ತರಿಸಿ ಕುಡಿಸಿದಳು. ಸಂಜೆಯಾದರೆ ಸಮೀಪದ ಮೈದಾನಕ್ಕೆ ಕರೆದೊಯ್ಯುತ್ತಿದ್ದಳು. ಗಣಪತಿ ಹಬ್ಬ ಹತ್ತಿರ ಬಂದಿತ್ತು. ಹುಡುಗರು ಹುಡುಗಿಯರು ಸೊಂಟಕ್ಕೆ ಢೋಲು ಕಟ್ಟಿಕೊಂಡು ಅಲ್ಲಿ ತಾಲೀಮು ಮಾಡುತ್ತಿದ್ದರು. ಸತ್ತವನೂ ಎದ್ದು ಕೂಡುವಂಥ ಆ ಸದ್ದಿನ ನಡುವೆ ಗಂಡನನ್ನು ಕೂರಿಸಿ ಅವನ ಕಣ್ಣು ಮುಚ್ಚದಂತೆ ಕಾಯುತ್ತಿದ್ದಳು.

“ಸಾಕು ಬಿಡು ಭಾಗ್ಯಾನವ್ವ, ತಲಿ ಒಡೀತದ,” ಎಂದು ಅವನು ಅಂದದ್ದೂ ಉಂಟು.

“ಇನ್ನೊಂದಿಷ್ಟು ತಡೀರಿ. ನಸುಕಿಗೆ ಮಕ್ಕೊಳ್ಳೂರಂತ.”

“ನಿದ್ದಿ ಬಂದ್ರೂ ಅವ ಬರಂಗಿಲ್ಲ ಅಂತ ಕಾಣ್ತದ.”

“ನೀವು ಮಕ್ಕೊಂಡು ತೋರ್ಸ್ರಿ. ಬರೂದು ಬಿಡೂದು ಅವಗ ಬಿಟ್ಟಿದ್ದು.”

ಮಗ ಬರಲಿ ಎಂಬ ಆಸೆ ಅವನಿಗೂ ಇತ್ತು. ಒಂದು ಮಧ್ಯಾಹ್ನ ಉಸುಕಿನ ಗುಂಪಿಯ ಪಕ್ಕ ಕೂತಾಗ ಅವನೇ ಹೇಳಿದ. ಊರ ಮನೆಯ ಬಾಗಿಲು ಮೂಡಲಕ್ಕಿದೆ, ಅದು ಗೊತ್ತು. ಬಾಗಿಲ ಮುಂದೆ ಬೇವಿನ ಗಿಡ ಇದೆ, ಅದೂ ಗೊತ್ತು. ಆದರೆ ಕಣ್ಣು ಮುಚ್ಚಿ ನೆನೆಸಿದರೆ ಬಾಗಿಲೂ ಇಲ್ಲ, ಗಿಡವೂ ಇಲ್ಲ. “ಯಾರೋ ಹೇಳಿದ್ದು ಕೇಳಿದಂಗ ಆಗ್ತದ. ನಾನs ಇದ್ದ ಮನಿ ಅನಸಂಗಿಲ್ಲ,” ಅಂದ. ಅವ್ವಮ್ಮ ಉಸುಕು ಸೋಸುವುದನ್ನು ನಿಲ್ಲಿಸಲಿಲ್ಲ. ಆ ಮಾತಿನ ತೂಕ ಅವಳಿಗೆ ಆಗ ತಿಳಿಯಲಿಲ್ಲ.

ಜೈಭೀಮ ರಜೆ ಸಿಕ್ಕಾಗ ಬರುತ್ತಿದ್ದ. ಮೆತ್ತಗಿನ ಮಾತಿನವನು, ಆದರೆ ಕನಸಿನ ಮಾತು ತೆಗೆದರೆ ಅವನಿಗೆ ತಡೆಯುತ್ತಿರಲಿಲ್ಲ.

“ಅತ್ತಿ, ಕೂಸಿಗೆ ಎರಡು ತಿಂಗಳಾತು. ಕಾರಖಾನ್ಯಾಗ ಎಲ್ಲಾರೂ ಕೇಳ್ತಾರ, ಮಗನ ಹೆಸರೇನು ಅಂತ. ನಾ ಏನ್ ಹೇಳ್ಲಿ? ಸತ್ತೋರ ಒಪ್ಪಿಗಿ ಇನ್ನೂ ಬಂದಿಲ್ಲ ಅಂತ ಹೇಳ್ಲೇನು?”

“ಹಂಗs ಹೇಳ್ರಿ,” ಅಂದಳು ಅವ್ವಮ್ಮ.

“ಹೆಸರು ಬದಕಿದ್ದೋರು ಇಡಬೇಕ್ರಿ ಅತ್ತಿ. ಸತ್ತೋರಿಗೆ ಅವರ ಕೆಲಸ ಅವರಿಗಿರ್ತಾವ.”

ಭಾಗ್ಯಾ ಸೀರೆಯ ಮರೆಯಿಂದ, “ಸುಮ್ಮ ಕುಂದರ್ರಿ, ನೀವು ಇಟ್ರ ಕಾರಖಾನ್ಯಾಗ ಕೂಗೂ ಭೋಂಗಾದ ಹೆಸರು ಇಡ್ತೀರಿ,” ಅಂದಳು. ಜೈಭೀಮ ನಕ್ಕ. ಹುಲಿಗೆಪ್ಪನೂ ನಕ್ಕ. ಅವ್ವಮ್ಮ ನಗಲಿಲ್ಲ, ಗಂಡನ ಕಣ್ಣು ಮುಚ್ಚುತ್ತಿದೆಯೋ ಎಂದು ನೋಡುತ್ತಿದ್ದಳು.

ಎಷ್ಟು ಕಾದರೂ ನಸುಕಿನ ನಿದ್ದೆ ಅವನಿಗೆ ಬರಲಿಲ್ಲ. ಹಗಲಿನದೂ ಹೋಯಿತು, ಇರುಳಿನದೂ ಬರಲಿಲ್ಲ. ಕಣ್ಣು ಕೆಂಪಾಗಿ ಒಳಗೆ ಇಳಿದವು, ಕೈಯಲ್ಲಿ ಲೋಟ ನಡುಗತೊಡಗಿತು. ಇನ್ನೇನು ಬರುತ್ತದೆ, ದಣಿದಷ್ಟೂ ಬೇಗ ಬರುತ್ತದೆ ಎಂದು ಅವ್ವಮ್ಮ ಅಂದುಕೊಂಡಳು.

ಶ್ರಾವಣದ ಒಂದು ಭಾನುವಾರ ಇಳಿಹೊತ್ತಿನಲ್ಲಿ, ಅದೇ ಮೈದಾನದ ಅಂಚಿಗೆ, ಢೋಲುಗಳು ಏರಿದ ದನಿಯಲ್ಲಿ ಬಾರಿಸುತ್ತಿದ್ದಾಗ ಹುಲಿಗೆಪ್ಪನ ಕುತ್ತಿಗೆ ಒಂದು ಕಡೆಗೆ ತಿರುಗಿತು. ಕಣ್ಣು ಮೇಲೆ ಹೋದವು. ಮೈಯೆಲ್ಲ ಸೆಟೆದು ಹಾಗೇ ನೆಲಕ್ಕೆ ಉರುಳಿ ಒದ್ದಾಡತೊಡಗಿದ. ಅವ್ವಮ್ಮ ಕೂಗಿದ್ದು ಅವಳಿಗೇ ಕೇಳಿಸಲಿಲ್ಲ. ಢೋಲು ಬಾರಿಸುತ್ತಿದ್ದ ಹುಡುಗಿಯೊಬ್ಬಳು ಕೋಲು ಎತ್ತಿ ಹಿಡಿದು ಎಲ್ಲರನ್ನೂ ನಿಲ್ಲಿಸಿದಳು. ಥಟ್ಟನೆ ಆದ ಆ ನಿಶ್ಶಬ್ದದಲ್ಲಿ ಅವನ ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದೊಂದೇ ಉಳಿಯಿತು.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು, ನೀಲಿಮಾ ಅಂತ. ಮೊದಲು ಬಿದ್ದಾಗಲೂ ಅವಳೇ ನೋಡಿದ್ದಳು. ಮರಾಠಿಯಲ್ಲಿ ಮಾತಾಡಿದಳು; ಇಷ್ಟು ವರ್ಷದಲ್ಲಿ ಅವ್ವಮ್ಮನಿಗೆ ಆ ಭಾಷೆ ಪೂರಾ ತಿಳಿಯುತ್ತಿತ್ತು. ತಲೆಗೆ ಪೆಟ್ಟಾದವರಿಗೆ ನಿದ್ದೆ ಕೆಟ್ಟರೆ ಫಿಟ್ಸು ಬರುತ್ತದೆ, ಅದು ಹಗಲಾಗಲಿ ರಾತ್ರಿಯಾಗಲಿ, ಬಂದ ನಿದ್ದೆ ಬಿಡಿಸಬಾರದು ಅಂದಳು. ಇವರನ್ನು ಯಾರಾದರೂ ಮಲಗಗೊಡದೆ ಎಚ್ಚರ ಇಟ್ಟಿದ್ದರೇ ಎಂದು ಕೇಳಿದಳು.

ಸುದ್ದಿ ಕೇಳಿ ಬಾರಾಮತಿಯಿಂದ ಓಡಿ ಬಂದಿದ್ದ ಜೈಭೀಮ ಮುಂದೆ ಬಂದು, “ನಾವೆಲ್ಲರೂ ಮೇಡಂ. ತಿಳಿಯದೆ ಮಾಡಿದೆವು,” ಎಂದು ಮರಾಠಿಯಲ್ಲಿ ಹೇಳಿದ. ಅವ್ವಮ್ಮ ಅಳಿಯನ ಬೆನ್ನು ನೋಡುತ್ತ ನಿಂತಳು.

ಆಮೇಲೆ ಅವಳೇ ಧೈರ್ಯ ಮಾಡಿ ಕೇಳಿದಳು, ಅವರಿಗೆ ಕನಸು ಮತ್ತೆ ಬೀಳುತ್ತದೆಯೇ ಎಂದು. ಡಾಕ್ಟರು ನಗುತ್ತಾಳೆ ಅಂದುಕೊಂಡಿದ್ದಳು. ಅವಳು ನಗಲಿಲ್ಲ. ಕುರ್ಚಿ ಎಳೆದು ಕೂತು, ತನ್ನ ತಲೆಯ ಹಿಂದೆ ಕೈ ಇಟ್ಟು ತೋರಿಸಿದಳು. ಕಂಡದ್ದನ್ನು ಮತ್ತೆ ಒಳಗೆ ಚಿತ್ರ ಮಾಡಿ ತೋರಿಸುವ ಜಾಗ ಇದರ ಹತ್ತಿರ ಇದೆ, ಅಲ್ಲಿಯೇ ಇವರಿಗೆ ಪೆಟ್ಟು. ನಿದ್ದೆ ಬರುತ್ತದೆ, ಚಿತ್ರ ಬರುವುದಿಲ್ಲ. ಕೆಲವರಿಗೆ ತಿರುಗಿ ಬಂದದ್ದುಂಟು. ಇವರಿಗೆ ಬಂದೇ ಬರುತ್ತದೆ ಎಂದು ನಾನು ಹೇಳಲಾರೆ ಅಂದಳು. “ಎಚ್ಚರದಲ್ಲಿ ಯಾರದಾದರೂ ಮುಖ ನೆನಪಿಗೆ ತಂದುಕೊಳ್ಳುತ್ತಾರೆಯೇ ಎಂದು ಕೇಳಿ ನೋಡಿದ್ದೀರಾ?”

ಅವ್ವಮ್ಮನಿಗೆ ಊರ ಮನೆಯ ಬಾಗಿಲಿನ ಮಾತು ಆಗ ತಿಳಿಯಿತು. ನಸುಕಿಗೆ ಬಂದವರು ಬಾಗಿಲಲ್ಲಿ ನಿಂತು ತಿರುಗಿ ಹೋಗುತ್ತಿರಲಿಲ್ಲ. ಬರಲು ಬಾಗಿಲೇ ಉಳಿದಿರಲಿಲ್ಲ.

ಶೆಡ್ಡಿಗೆ ಬಂದ ಮೇಲೆ ಅವಳು ಗಂಡನಿಗೆ ಹಗಲು ಹೊತ್ತಿನಲ್ಲಿಯೇ ಹಾಸಿ ಕೊಟ್ಟಳು. ಪತ್ರಾ ಕಾಯಬಾರದೆಂದು ಮೇಲೆ ಗೋಣಿಚೀಲ ನೆನೆಸಿ ಹೊದಿಸಿದಳು. ಕೂಸು ಅತ್ತರೆ ಭಾಗ್ಯಾ ಅದನ್ನು ಎತ್ತಿಕೊಂಡು ರಂಗೂಬಾಯಿಯ ಶೆಡ್ಡಿಗೆ ಹೋಗುತ್ತಿದ್ದಳು. ಅವನು ಮಲಗಿದ, ಎದ್ದ, ಉಂಡ, ಮತ್ತೆ ಮಲಗಿದ. ಕೈ ನಡುಗುವುದು ನಿಂತಿತು. ಕನಸಿನ ಮಾತು ಯಾರೂ ಎತ್ತಲಿಲ್ಲ.

ಎತ್ತಿದವನು ಅವನೇ. ಗಣಪತಿ ನೀರಿಗೆ ಹೋದ ಮೇಲೆ ಒಂದು ಮಧ್ಯಾಹ್ನ ಎದ್ದು ಕೂತು, “ಭಾಗ್ಯಾನವ್ವ, ಇಲ್ಲಿ ಬಾ,” ಎಂದು ಕರೆದ. ಅವಳು ಕೈ ಒರೆಸಿಕೊಂಡು ಬಂದು ಎದುರಿಗೆ ಕೂತಳು.

“ಪ್ರೇಮ್ಯಾ ಬಂದಿದ್ದ,” ಅಂದ.

ಕೇಳಬೇಕಾದದ್ದು ಬಾಯಿಗೆ ತಾನಾಗಿ ಬಂತು.

“ಏನು ಹಾಕ್ಕೊಂಡಿದ್ದ?”

“ನೀಲಿ ಅಂಗಿ. ಸಾಲಿ ಅಂಗಿ.”

“ಹ್ಯಾಂಗ ಕಂಡ?”

ಹುಲಿಗೆಪ್ಪ ತಡವರಿಸಿದ. ಅವನ ಕಣ್ಣು ಒಂದು ಕ್ಷಣ ಅವಳ ಭುಜದ ಮೇಲಿಂದ ಹಿಂದಕ್ಕೆ ಹೋಗಿ ಬಂತು. ಅಲ್ಲಿ ಪತ್ರಾಕ್ಕೆ ತಂತಿಯಿಂದ ಕಟ್ಟಿದ ಪ್ರೇಮಕುಮಾರನ ಫೋಟೋ ಇತ್ತು. ಸಾಲೆಗೆ ಸೇರಿದ ವರ್ಷ ತೆಗೆಸಿದ್ದು.

“ಹುಡುಗ. ಸಣ್ಣವ ಅಲ್ಲೇನು, ಏಳು ವರ್ಷದವ. ಕೂದಲಾ ಒಂದು ಕಡಿ ಬಾಚಿತ್ತು.”

ಅವ್ವಮ್ಮ ಅವನನ್ನೇ ನೋಡಿದಳು. ಮೀಸೆ ಬಂದಿದ್ದ ಹುಡುಗ, ಬಾಗಿಲಲ್ಲಿ ಬಗ್ಗಿ ಬರುತ್ತಿದ್ದ ಹುಡುಗ ಮತ್ತೆ ಏಳು ವರ್ಷದವನಾಗಿದ್ದ. ಈತ ಹೆಂಡತಿಗಾಗಿ ಸುಳ್ಳು ಹೇಳುತ್ತಿದ್ದ. ಎಂದೂ ಸುಳ್ಳು ಕನಸು ಹೇಳಿದವನಲ್ಲ. ಯಾರು ಎಷ್ಟು ಬೇಡಿಕೊಂಡರೂ ಕಾಣದ್ದನ್ನು ಕಂಡೆ ಎಂದವನಲ್ಲ. ಹೇಳುವಾಗ ಅವನ ಹಣೆಯ ಮೇಲೆ ಬೆವರು ಒಡೆದಿತ್ತು. ಬೆಳೆದ ಮಗನ ಮುಖ ಅವನ ಒಳಗಿನಿಂದ ಅಳಿಸಿ ಹೋಗಿತ್ತು. ಅವನ ಬಾಯಿಂದ ಕೇಳಿದ್ದಷ್ಟೇ ಅವಳ ಹತ್ತಿರ ಉಳಿದಿತ್ತು. ಇನ್ನು ಮೇಲೆ ಆ ಹುಡುಗ ಬೆಳೆಯುವುದಿಲ್ಲ.

ಮೂರನೆಯ ಮಾತು ಕೇಳುವುದಿತ್ತು. ಕೇಳಿದರೆ ಅದಕ್ಕೂ ಅವನು ಏನಾದರೂ ಹೇಳುತ್ತಾನೆ. ಹೇಳಿದರೆ ಹೆಸರು ಸಿಗುತ್ತದೆ. ಕೂಸು ಸೀರೆಯ ಆಚೆ ನಿದ್ದೆಗಣ್ಣಿನಲ್ಲಿ ಲೊಚಗುಡುತ್ತಿತ್ತು.

“ಬಂದಿದ್ನಲ್ಲ, ಸಾಕು ಬಿಡ್ರಿ,” ಎಂದು ಎದ್ದಳು. “ನೀರು ಹಿಡದು ಬರ್ತೀನಿ, ನಳ ಹೋಗ್ತದ.” ಕೊಡ ತೆಗೆದುಕೊಂಡು ಹೊರಗೆ ಹೋದಳು. ನಳದ ಹತ್ತಿರ ಯಾರೂ ಇರಲಿಲ್ಲ. ಕೊಡ ತುಂಬಿ ಹೊರಚೆಲ್ಲುತ್ತಿದ್ದರೂ ಅವಳು ನಿಂತೇ ಇದ್ದಳು.

ನವರಾತ್ರಿಯಲ್ಲಿ ಜೈಭೀಮ ಬಂದ. ಕಬ್ಬಿನ ಹಂಗಾಮು ಹತ್ತಿರ ಬಂದಿದೆ, ಇನ್ನು ಬಿಡುವು ಸಿಗುವುದಿಲ್ಲ, ಭಾಗ್ಯಾನನ್ನು ಕರೆದೊಯ್ಯುತ್ತೇನೆ ಅಂದ. ಮಾವನ ಕನಸಿನ ಸುದ್ದಿಯನ್ನು ಹೆಂಡತಿಯಿಂದ ಕೇಳಿದ್ದ. ಊಟಕ್ಕೆ ಕೂತಾಗ ತಾನೇ ಮಾತು ತೆಗೆದ.

“ಅತ್ತಿ, ಪ್ರೇಮಕುಮಾರ ಅಂತನs ಇಡೂಣ. ನನ್ನದೇನೂ ತಕರಾರಿಲ್ಲ. ಮನಸಿನಿಂದ ಹೇಳಾಕತ್ತೀನಿ.”

“ಹೌದವ್ವ,” ಅಂದಳು ಭಾಗ್ಯಾ. “ಅಪ್ಪಗ ಕಂಡಾನಲ್ಲ.”

ಅವ್ವಮ್ಮ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಲಿಲ್ಲ. “ಬ್ಯಾಡ,” ಅಂದಳು.

ಹುಲಿಗೆಪ್ಪ ತುತ್ತು ಕೆಳಗಿಟ್ಟ. “ಯಾಕ? ಬಂದಿದ್ದ ಅಂದೆನಲ್ಲ.”

“ಹೌದ್ರಿ, ಬಂದಿದ್ದ. ಆದ್ರ ಏನು ಬೇಡಿದ ಅಂತ ನೀವು ಹೇಳ್ಲಿಲ್ಲ.”

“ನೀ ಕೇಳ್ಲಿಲ್ಲ.”

“ಹೂಂ. ನಾ ಕೇಳ್ಲಿಲ್ಲ.” ರೊಟ್ಟಿಯನ್ನು ಹಂಚಿಗೆ ಹಾಕಿದಳು. “ಕೇಳೂ ಹೊತ್ತು ಹೋತು. ಬೇಡಲಾರದವರ ಹೆಸರು ನಿಮ್ಮ ಮನಿತನದಾಗ ಇಡೂದಿಲ್ಲಲ್ಲ. ಅವ ಸುಮ್ಮ ನಿಮ್ಮನ್ನ ನೋಡಿ ಹೋಗಾಕ ಬಂದಿದ್ದ, ಅಷ್ಟs.”

ಹುಲಿಗೆಪ್ಪ ಹೆಂಡತಿಯ ಮುಖ ನೋಡಿದ. ಅವಳು ಒಲೆಯ ಕಡೆ ನೋಡಿದಳು. ಅವಳಿಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಯಿತು. ತಲೆ ತಗ್ಗಿಸಿ ಕೆಳಗಿಟ್ಟಿದ್ದ ತುತ್ತನ್ನು ಮತ್ತೆ ಎತ್ತಿಕೊಂಡ. ಅವಳು ಬಿಸಿ ರೊಟ್ಟಿ ತಂದು ಮೊದಲು ಅವನ ತಾಟಿಗೇ ಹಾಕಿದಳು.

“ನೀವs ಇಡ್ರಿ ಅಳಿಯಂದ್ರ,” ಅಂದಳು. “ನಿಮ್ಮ ಮಗ. ನಿಮಗ ಚಂದ ಅನ್ನಿಸಿದ್ದು ಇಡ್ರಿ.”

ದಸರೆಯ ದಿನ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಹಾಕಿದರು. ಜೈಭೀಮ ಅದರ ಕಿವಿಯಲ್ಲಿ ಅಭಿಲಾಷ ಎಂದು ಹೇಳಿದ. ಹೊಸ ಹೆಸರು, ಆ ಮನೆಗಳಲ್ಲಿ ಯಾರೂ ಹೊತ್ತಿರದ ಹೆಸರು. ರಂಗೂಬಾಯಿ ನಾಲಿಗೆ ತಿರುಗಿಸಿ ನೋಡಿ, “ಕರಿಯಾಕ ತುಸು ಉದ್ದ ಆತು, ಇರ್ಲಿ, ಬೆಳದಂಗ ಹೊಂದತದ,” ಅಂದಳು. ಯಾರೂ ಏನೂ ಬೇಡಿರಲಿಲ್ಲವಾದ್ದರಿಂದ ಏನು ಅಡಿಗೆ ಮಾಡಬೇಕೆಂದು ಅವ್ವಮ್ಮನಿಗೆ ಬಹಳ ಹೊತ್ತು ತಿಳಿಯಲಿಲ್ಲ. ಕೊನೆಗೆ ಅನ್ನ, ಬೇಳೆ ಸಾರು ಮಾಡಿ ಎಲ್ಲರಿಗೂ ಬಡಿಸಿದಳು.

ಮರುದಿನ ಮಧ್ಯಾಹ್ನ ಅವರು ಹೊರಟರು. ದೌಂಡಕ್ಕೆ ಹೋಗಿ ಅಲ್ಲಿಂದ ಬಾರಾಮತಿಗೆ ಹೋಗುವವರು. ಹುಲಿಗೆಪ್ಪ ಮಲಗಿದ್ದ. ಅಪ್ಪನಿಗೆ ಹೇಳಿ ಹೋಗುತ್ತೇನೆ ಎಂದು ಭಾಗ್ಯಾ ಒಳಗೆ ಕಾಲಿಟ್ಟಾಗ ಅವ್ವಮ್ಮ ತಡೆದಳು.

“ಎಬ್ಬಿಸಬ್ಯಾಡ. ಮಕ್ಕೊಳ್ಳಿ.”

“ಕೂಸಿನ ಮುಖರೆ ನೋಡ್ಲಿ ಎವ್ವ. ಇನ್ನ ಯಾವಾಗೋ.”

“ನೋಡಿದ್ರೂ ಅವ್ರ ಕಣ್ಣಾಗ ನಿಲ್ಲಂಗಿಲ್ಲ ಮಗಳ. ಮತ್ತ ಬಂದಾಗ ಎದುರಿಗೆ ಕುಂತು ನೋಡ್ತಾರ. ಹೋಗು, ಗಾಡಿ ತಪ್ಪತದ.”

ಭಾಗ್ಯಾ ಸೆರಗಿನಿಂದ ಮೂಗು ಒರೆಸಿಕೊಂಡಳು. ಜೈಭೀಮ ಚೀಲಗಳನ್ನು ಎತ್ತಿಕೊಂಡು, ಚಪ್ಪಲಿ ಬಿಟ್ಟು, ಅತ್ತೆಯ ಕಾಲು ಮುಟ್ಟಿದ. ರಿಕ್ಷಾದವನು ಹಾರ್ನು ಹೊಡೆದ. ಅವ್ವಮ್ಮ ಬಾಗಿಲಲ್ಲಿಯೇ ನಿಂತು, ಒಳಗೆ ಮಲಗಿದವನಿಗೆ ಎಚ್ಚರವಾಗದಂತೆ ಸಣ್ಣ ದನಿಯಲ್ಲಿ ಹೋಗಿ ಬರ್ರಿ ಅಂದಳು. ಭಾಗ್ಯಾ, ಜೈಭೀಮ ಮತ್ತು ಅಭಿಲಾಷ ಹೋದದ್ದು ದಸರೆಯ ಮರುದಿನ, ಶುಕ್ರವಾರ.